ಬಿಸಿಲಿಗೆ ಬಿಟ್ಟ ಕೆಂಪು

ಹೋದ ತಿಂಗಳು ಅವನು ಸತ್ತ. ಮಣ್ಣಿಗೆ ಹೋಗಿದ್ದೆ. ಬಂದು ತಲೆಗೆ ನೀರು ಹಾಕಿಕೊಂಡು ಹಿಟ್ಟಿನ ಮಿಷನ್ ಹಾಕಿದೆ. ಮೂರು ಜನ ರಾಗಿ ಇಟ್ಟುಕೊಂಡು ಕಾಯುತ್ತಿದ್ದರು. ಅಳಲಿಲ್ಲ. ಅವನು ನನಗೆ ನೆಂಟನಲ್ಲ, ಸ್ನೇಹಿತನೂ ಅಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವನನ್ನು ಅನುಮಾನದಿಂದಲೇ ನೋಡಿದವಳು ನಾನು. ಸತ್ತವರನ್ನು ಹೊಗಳಬೇಕು ಅನ್ನುತ್ತಾರೆ. ಹೊಗಳಲು ಬರುವವರು ಹೊಗಳಲಿ. ನನಗೆ ಗೊತ್ತಿರುವುದನ್ನು ನಾನು ಹೇಳುತ್ತೇನೆ.

ಊರಿನಲ್ಲಿ ಅವನಿಗೆ ಬೋರ್ಡಿನವನು ಎಂದೇ ಹೆಸರು. ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಸ್ಕೂಲಿನ ಕಾಂಪೌಂಡು, ದೇವಸ್ಥಾನದ ದಾನಿಗಳ ಪಟ್ಟಿ, ಎಲ್ಲ ಅವನದೇ ಕೈ. ತಮಿಳು ಸೀಮೆಗೆ ಸೇರಿದ ನಮ್ಮ ಹೊಸೂರಿನಲ್ಲಿ ಕಣ್ಣು ಬಿಟ್ಟರೆ ಅವನು ಬರೆದದ್ದು ಕಾಣುತ್ತಿದ್ದ ಕಾಲವಿತ್ತು.

ಅವನ ಮನೆಮಾತು ಯಾವುದೆಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ಅನುಮಾನ ಶುರುವಾದದ್ದೇ ಅಲ್ಲಿಂದ. ನಮ್ಮ ಪಕ್ಕದ ಪೇಂಟ್ ಅಂಗಡಿಯವನ ಹತ್ತಿರ ತೆಲುಗು, ಸರ್ಕಾರಿ ಆಫೀಸಿನವರ ಹತ್ತಿರ ತಮಿಳು, ನನ್ನ ಹತ್ತಿರ ನನ್ನಂಥದೇ ಕನ್ನಡ. ಇಲ್ಲಿ ಮೂರೂ ಆಡದವರು ಯಾರಿದ್ದಾರೆ, ನಾನೂ ಆಡುತ್ತೇನೆ. ಆದರೆ ಕಾಲಿಗೆ ಕಲ್ಲು ಎಡವಿದಾಗ ಮನುಷ್ಯ ಒಂದು ಮಾತಿನಲ್ಲಿ ಕಿರುಚುತ್ತಾನಲ್ಲ, ಅದು ಅವನ ಮನೆಮಾತು. ಒಂದು ಸಲ ನಮ್ಮ ಎದುರಿಗೇ ಅವನು ಏಣಿಯಿಂದ ಜಾರಿ ಬಿದ್ದ. ಈಗ ಗೊತ್ತಾಗುತ್ತದೆ ಎಂದು ಕಿವಿಕೊಟ್ಟೆ. ಬಾಯಲ್ಲಿ ಬ್ರಷ್ ಕಚ್ಚಿಕೊಂಡಿದ್ದ. ಕಿರುಚಲೇ ಇಲ್ಲ.

ಬ್ರಷ್ಷನ್ನು ಚಿಂದಿಗೆ ಒರೆಸುತ್ತಿರಲಿಲ್ಲ, ಪ್ಯಾಂಟಿನ ಎಡತೊಡೆಗೆ ಒರೆಸುತ್ತಿದ್ದ. ಬಲಗಡೆ ಚೊಕ್ಕಟ, ಎಡಗಡೆ ಊರಿನ ಬಣ್ಣವೆಲ್ಲ. ಆ ವಾರ ಯಾವ ಬೀದಿಯಲ್ಲಿ ಕೆಲಸ ಮಾಡಿದ್ದಾನೆಂದು ನಾನು ಅವನ ತೊಡೆ ನೋಡಿ ಹೇಳುತ್ತಿದ್ದೆ. ಹಳದಿ, ಕಪ್ಪು ಹೆಚ್ಚಿದ್ದರೆ ಜೂಜುವಾಡಿ. ಅಲ್ಲಿ ಗಡಿ, ಲಾರಿಗಳ ಸಾಲು. ಓಡುತ್ತಿರುವವನಿಗೂ ಕಾಣಲಿ ಎಂದು ಹಳದಿಯ ಮೇಲೆ ದಪ್ಪ ಕಪ್ಪು ಅಕ್ಷರ. ನೀಲಿ ಇದ್ದರೆ ನಮ್ಮ ಅವಲಪಲ್ಲಿ ಕಡೆ. ಹಸಿರಾದರೆ ಔಷಧಿ ಅಂಗಡಿ. ನಾನು ಓದಿದ್ದು ಮೂರನೇ ಕ್ಲಾಸು. ಕನ್ನಡ ಕೂಡಿಸಿಕೊಂಡು ಓದುತ್ತೇನೆ, ಬರೆಯುತ್ತೇನೆ. ತಮಿಳು ಅಕ್ಷರ ಬಾರದು. ಬೋರ್ಡಿನಲ್ಲಿ ತಮಿಳು ಮೇಲೆ ದೊಡ್ಡದಾಗಿ ಇರುತ್ತದೆ, ಇಂಗ್ಲಿಷು ನಡುವೆ, ಕನ್ನಡವೋ ತೆಲುಗೋ ಇದ್ದರೆ ಕೆಳಗೆ ಸಣ್ಣಗೆ, ಸಾಲು ಊಟದಲ್ಲಿ ಕೊನೆಗೆ ಕೂತವರ ಹಾಗೆ. ಹಾಗಾಗಿ ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ನನಗೆ ದಾರಿ ಹೇಳುತ್ತಿದ್ದುದು ಅಕ್ಷರವಲ್ಲ, ಬಣ್ಣ.

ಅದು ಅವನಿಗೆ ಹೇಗೋ ಗೊತ್ತಾಯಿತು. ಅಂದಿನಿಂದ ನನ್ನನ್ನು ಬಿಡಲಿಲ್ಲ. ನಮ್ಮ ರಸ್ತೆಯಲ್ಲಿ ಬೋರ್ಡು ಬರೆಯುವಾಗ ಅರ್ಧಕ್ಕೆ ನಿಲ್ಲಿಸಿ, ಈಚೆ ದಾಟಿ ಬಂದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಆಮೇಲೆ ನನ್ನನ್ನು ಕರೆಯುತ್ತಿದ್ದ.

"ಅಕ್ಕ, ಅದು ಏನಂಗ್ಡಿ ಹೇಳು?"

"ತಮಿಳು ಓದಾಕೆ ಬರಲ್ಲ ಅಂತ ಗೊತ್ತಿದ್ದೂ ಕೇಳ್ತೀಯಲ್ಲ, ನಗಾಕಾ?"

"ಓದಾಕೆ ಬರೋರ್ನ ಕೇಳಿ ಏನ್ಮಾಡ್ಲಿ? ಅವ್ರು ಹೆಂಗ್ ಬರುದ್ರೂ ಓದ್ಕೊತಾರೆ. ಅಕ್ಷರ ಓದೋರ್ಗೆ, ಬಣ್ಣ ಮಿಕ್ಕೋರ್ಗೆ. ನೋಡಿ ಹೇಳು."

"ಕಟಿಂಗ್ ಶಾಪು."

"ಹೆಂಗ್ ತಿಳೀತು?"

"ಅಕ್ಷರ ಎಲ್ಲ ಎಣ್ಣೆ ಹಚ್ಚಿ ಬಾಚ್ದಂಗವೆ."

ರಸ್ತೆ ದಾಟಿ ಹೋಗಿ ಬೋರ್ಡು ಮುಗಿಸಿದ. ನನಗೆ ಗೊತ್ತಾಗದಿದ್ದರೆ ಬಣ್ಣ ಕೆರೆದು ಮತ್ತೆ ಬರೆಯುತ್ತಿದ್ದ. ಯಾವ ಗಂಡಸು ಓದು ಬಾರದ ಹೆಂಗಸಿನ ಮಾತಿಗೆ ಮಾಡಿದ ಕೆಲಸ ಕೆರೆಯುತ್ತಾನೆ? ಏನೋ ಇದೆ ಇದರಲ್ಲಿ ಅಂದುಕೊಂಡೆ.

ಇನ್ನೊಂದಿತ್ತು. ನಮ್ಮ ಮಿಷನ್‌ಗೆ ಬೋರ್ಡಿರಲಿಲ್ಲ. ಗಂಡ ಹೋದ ಮೇಲೆ ರಾಗಿ, ಗೋಧಿ, ಮೆಣಸಿನಕಾಯಿ ಹಾಕಿ ನಾನೇ ಅದನ್ನು ನಡೆಸಿದವಳು. ಬೋರ್ಡು ಬೇಕು ಅನ್ನಿಸಿರಲಿಲ್ಲ. ಅವನು ವರ್ಷಕ್ಕೆ ಎರಡು ಸಲ ಕೇಳುತ್ತಿದ್ದ.

"ಒಂದು ಬೋರ್ಡ್ ಬರ್ದು ಕೊಡ್ತೀನಿ ಕಣಕ್ಕ. ಏನೂ ಕೊಡ್ಬೇಡ."

"ಮಿಷನ್ ಸದ್ದು ಕೇಳ್ತದೆ. ಕಿವುಡ್ರಿಗೆ ಹಿಟ್ಟಿನ ವಾಸ್ನೆ ಬತ್ತದೆ. ಬೋರ್ಡ್ ಯಾರ್ಗೆ?"

"ಕರೆಂಟ್ ಹೋದಾಗ?"

"ಕರೆಂಟ್ ಹೋದಾಗ ಯಾಕ್ ಬರ್ಬೇಕು, ನನ್ ಮಕ ನೋಡಾಕಾ?"

ಬಿಟ್ಟಿ ಕೊಡುತ್ತೇನೆ ಎಂದು ಒಂದು ಕೈ ಚಾಚುವವನ ಇನ್ನೊಂದು ಕೈ ಎಲ್ಲಿದೆ ಎಂದು ನೋಡುವುದು ನನ್ನ ಅಭ್ಯಾಸ. ಬೇಡ ಅಂದರೆ ಬೇಡ.

ಆದರೂ ಅವನು ಬರೆಯುವುದನ್ನು ನೋಡುತ್ತಿದ್ದೆ. ಮಿಷನ್ ಓಡುವಾಗ ನೋಡಲು ಬೇರೇನಿದೆ. ಸೀಮೆಸುಣ್ಣ ಉಜ್ಜಿದ ದಾರವನ್ನು ಗೋಡೆಗೆ ಎಳೆದು ಹಿಡಿದು ಮೀಟುತ್ತಿದ್ದ, ಗೆರೆ ಬೀಳುತ್ತಿತ್ತು. ಕಿರುಬೆರಳನ್ನು ಗೋಡೆಗೆ ಊರಿ ಬರೆಯುತ್ತಿದ್ದ, ಕೈ ನಡುಗುತ್ತಿರಲಿಲ್ಲ. ಗೆರೆ ಮುಗಿಯುವಲ್ಲಿ ಬ್ರಷ್ಷನ್ನು ಚೂರು ತಿರುವಿ ಎತ್ತುತ್ತಿದ್ದ; ತುದಿಯಲ್ಲಿ ಇಲಿಬಾಲದಂಥ ಒಂದು ಕೊಕ್ಕೆ ಉಳಿಯುತ್ತಿತ್ತು. ತಮಿಳಾಗಲಿ, ತೆಲುಗಾಗಲಿ, ಕನ್ನಡವಾಗಲಿ, ಬರೀ ಫೋನ್ ನಂಬರಾಗಲಿ, ಆ ಇಲಿಬಾಲ ಇದ್ದೇ ಇರುತ್ತಿತ್ತು. ಮೂರು ಭಾಷೆಯ ಅಕ್ಷರಗಳೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದವು. ಓದು ಬಾರದಿದ್ದರೂ ಇದು ಅವನು ಬರೆದದ್ದು, ಇದು ಅಲ್ಲ ಎಂದು ನಾನು ಹೇಳಬಲ್ಲವಳಾಗಿದ್ದೆ.

ಅವನ ಕೆಂಪೂ ಬೇರೆ. ಅಂಗಡಿಯ ಕೆಂಪಿಗೆ ಒಂದು ಹಿಡಿ ಕಾವಿ ಪುಡಿ ಬೆರೆಸುತ್ತಿದ್ದ. ಯಾಕೆ ಎಂದು ಕೇಳಿದ್ದೆ.

"ಅಂಗ್ಡಿ ಕೆಂಪು ಒಂದು ಬೇಸ್ಗೆ ಕಂಡ್ರೆ ರೋಸಾಗ್ಬುಡ್ತದೆ ಅಕ್ಕ. ಕಾವಿ ಬಿದ್ರೆ ನಾನು ಸತ್ರೂ ಇರ್ತದೆ."

ಅದು ನಿಜ. ಗೋಡೆಯ ಬುಡಕ್ಕೆ ಕಾವಿ ಪಟ್ಟೆ ಎಳೆದ ಯಾವ ಹೆಂಗಸಿಗೂ ಗೊತ್ತು. ಅದರ ಮೇಲೆ ಎಷ್ಟು ಸುಣ್ಣ ಬಳಿದರೂ ನಾಲ್ಕು ದಿನಕ್ಕೆ ಇಣುಕುತ್ತದೆ.

ಐದಾರು ವರ್ಷದ ಹಿಂದೆ ನಮ್ಮ ರಸ್ತೆ ಅಗಲ ಮಾಡುತ್ತಾರೆ ಎಂದು ಸುದ್ದಿ ಬಂತು. ಅಳೆಯುವವರು ಬರುತ್ತಾರೆ, ಪ್ರತಿ ಕಟ್ಟಡದಿಂದ ಎಷ್ಟು ಅಡಿ ಹೋಗಬೇಕೋ ಅಷ್ಟನ್ನು ಗೋಡೆಯ ಮೇಲೆ ಕೆಂಪಿನಲ್ಲಿ ಬರೆಸುತ್ತಾರೆ, ಆಮೇಲೆ ಒಡೆಯುವವರು ಬಂದು ಆ ನಂಬರ್ ನೋಡಿ ಒಡೆಯುತ್ತಾರೆ. ನಾನು ಹೆದರಲಿಲ್ಲ. ನಮ್ಮ ಮಿಷನ್ ಮನೆಯ ಮುಂದೆ ಮೂರಡಿ ಕಟ್ಟೆ ಇತ್ತು. ಹೋದರೆ ಕಟ್ಟೆ ಹೋಗುತ್ತದೆ, ಗೋಡೆ ಉಳಿಯುತ್ತದೆ. ಪಕ್ಕದ ಪೇಂಟ್ ಅಂಗಡಿಯವನು ಮಾತ್ರ ಹೆದರಬೇಕಿತ್ತು. ಅವನು ನಮ್ಮ ಕಟ್ಟೆಗಿಂತ ಐದಡಿ ಮುಂದಕ್ಕೆ ಅಂಗಡಿ ಕಟ್ಟಿಕೊಂಡು ಕೂತಿದ್ದ. ಬೋರ್ಡಿನವನಿಗೆ ಬಣ್ಣ ಕೊಡುತ್ತಿದ್ದವನೂ ಅವನೇ, ಗಿರಾಕಿ ಕಳಿಸುತ್ತಿದ್ದವನೂ ಅವನೇ.

ಅಳತೆ ಆದಾಗ ನಾನಿರಲಿಲ್ಲ. ಮಿಷನ್‌ಗೆ ಬೀಗ ಹಾಕಿ ನಾನೂ ಸೊಸೆಯೂ ಮಗಳ ಬಾಣಂತನಕ್ಕೆ ಮಾಲೂರಿನ ಕಡೆ ಹೋಗಿದ್ದೆವು. ಮಗ ಕತ್ತಲಲ್ಲಿ ಫ್ಯಾಕ್ಟರಿಗೆ ಹೋಗಿ ಕತ್ತಲಲ್ಲಿ ಬರುವವನು, ಗೋಡೆ ನೋಡುವ ಜಾತಿಯಲ್ಲ. ಸಂಕ್ರಾಂತಿ ಕಳೆದು ಬಂದು ನೋಡುತ್ತೇನೆ, ನಮ್ಮ ಗೋಡೆಯ ಮೇಲೆ ಮೊಳದುದ್ದದ ಎಂಟು. ಪೇಂಟ್ ಅಂಗಡಿಯ ಹಳದಿ ಗೋಡೆಯ ಮೇಲೆ ಮೂರು.

ಎಂಟಡಿ ಎಂದರೆ ಕಟ್ಟೆ ಹೋಗಿ, ಗೋಡೆ ಹೋಗಿ, ಒಳಗೆ ಐದಡಿ. ಮಿಷನ್ ಕೂತಿರುವುದೇ ಅಲ್ಲಿ. ಹಿಂದಕ್ಕೆ ಸರಿಸಲು ಜಾಗವಿಲ್ಲ, ಹಿಂದೆ ನಾವು ಮಲಗುವ ಒಂದು ಕೋಣೆ.

ನೋಡಿದ ಕೂಡಲೇ ನನ್ನ ಕಣ್ಣಿಗೆ ಬಿದ್ದದ್ದು ಇಲಿಬಾಲ. ಎಂಟು ಅವನದೇ ಕೈ.

ಮಗ ರಜಾ ಹಾಕಿ ಆಫೀಸಿಗೆ ಹೋಗಿ ಕೇಳಿದ. ಅಳೆದವರಿಗೆ ವರ್ಗವಾಗಿತ್ತು. ಹೊಸದಾಗಿ ಬಂದವರು ಗೋಡೆಯ ನಂಬರ್ ನೋಡಿಯೇ ಪಟ್ಟಿ ಬರೆದುಕೊಂಡು ಹೋಗಿದ್ದರು. ಅಲ್ಲಿ ಚರಂಡಿ ತಿರುಗುತ್ತದೆ, ಅದಕ್ಕೇ ಹಾಗೆ, ಎಂದು ಗುಮಾಸ್ತ ಹೇಳಿ ಕಳಿಸಿದ.

ನಾನು ಆಲಸನತ್ತಂನಲ್ಲಿದ್ದ ಅವನ ಮನೆಗೇ ಹೋದೆ. ಶೀಟಿನ ಮನೆ. ಹೊರಗೆ ಕೂತು ಬಣ್ಣ ಕಲಸುತ್ತಿದ್ದ. ಮೂಲೆಯಲ್ಲಿ ಪೇಂಟ್ ಅಂಗಡಿಯ ಹೊಸ ಡಬ್ಬ ನಾಲ್ಕು, ಮುಚ್ಚಳ ತೆಗೆಯದವು. ಅದನ್ನು ಮೊದಲು ನೋಡಿಕೊಂಡೆ.

"ನಮ್ ಗೋಡೆ ಮೇಲೆ ಬರ್ದೋನು ನೀನೇ ತಾನೆ?"

ತಲೆ ಎತ್ತಲಿಲ್ಲ. "ನಂಬರ್ ಕೂಗುದ್ರು, ಬರ್ದೆ."

"ಏನ್ ಕೂಗುದ್ರು? ಮೂರಾ, ಎಂಟಾ?"

"ಅಕ್ಕ, ಆ ಗೋಡೆ ಮುಟ್ಬೇಡ. ಸುಣ್ಣ ಬಳೀಬೇಡ, ಕೆರೀಬೇಡ, ನೀರೂ ಎರಚ್ಬೇಡ. ಯುಗಾದಿ ಗಂಟ ಬಿಸ್ಲಿಗೆ ಬುಡು."

"ಯುಗಾದಿ ಕಳುದ್ರೆ ಒಡ್ಯೋರು ಬತ್ತಾರಂತೆ."

"ಬರ್ಲಿ. ಬಿಸ್ಲು ಅವರ್ಗಿಂತ ಮುಂದಾಗಿ ಬತ್ತದೆ."

"ಒಗಟು ಹೇಳ್ಬೇಡ ಕಣಯ್ಯ. ಮಿಷನ್ ಹೋದ್ರೆ ನಮ್ ಮನೆ ಒಲೆ ಹೋದಂಗೆ. ಕೇಳಿದ್ಕೆ ನೆಟ್ಟಗೆ ಹೇಳು."

ಬ್ರಷ್ಷನ್ನು ತೊಡೆಗೆ ಒರೆಸಿದ. "ನನ್ ಬಾಯ್ ಮಾತ್ಗೆ ಯಾರು ಬೆಲೆ ಕೊಡ್ತಾರೆ? ಗೋಡೆ ಹೇಳ್ಲಿ ಬುಡು."

ಅವನ ಹೆಂಡತಿ ನೀರು ತಂದಿಟ್ಟಳು. ಕುಡಿಯದೆ ಎದ್ದು ಬಂದೆ. ಒಡೆಯುವವರು ಬರುವವರೆಗೆ ನನ್ನ ಬಾಯಿ ಮುಚ್ಚಿಸಲು ಹೇಳಿದ ಮಾತು ಎಂದೇ ತಿಳಿದೆ. ಆದರೆ ಮುಟ್ಟಬೇಡ ಅಂದನಲ್ಲ, ಅದೊಂದು ತಲೆಯಲ್ಲಿ ಕೂತಿತು. ಮೋಸ ಮಾಡುವವನು ಏನಾದರೂ ಮಾಡು ಅನ್ನುತ್ತಾನೆ, ಇಲ್ಲಿ ಹೆಬ್ಬೆಟ್ಟು ಒತ್ತು ಅನ್ನುತ್ತಾನೆ. ಏನೂ ಮಾಡಬೇಡ ಎಂದು ಹೇಳಿ ಮೋಸ ಮಾಡುವವನನ್ನು ನಾನು ಕಂಡಿರಲಿಲ್ಲ. ಮಗ ಸುಣ್ಣ ಬಳಿದು ಅಳಿಸಿಬಿಡುತ್ತೇನೆ ಎಂದು ಡಬ್ಬ ತಂದ. ಬೇಡ ಎಂದೆ.

ನಮ್ಮ ಗೋಡೆ ಪಡುವಣಕ್ಕೆ ಮುಖ. ಮಧ್ಯಾಹ್ನದ ಮೇಲಿನ ಬಿಸಿಲೆಲ್ಲ ಅದಕ್ಕೇ. ದಿನಾ ಊಟವಾದ ಮೇಲೆ ಎದುರಿನ ಮೋರಿಕಲ್ಲಿನ ಮೇಲೆ ಕೂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದೆ, ಅವನ ಹಾಗೆಯೇ. ಸೊಸೆ ಬಂದು, "ಅತ್ತೆ, ಜನ ನೋಡ್ತಾವ್ರೆ, ಒಳಕ್ ಬನ್ನಿ" ಅನ್ನುತ್ತಿದ್ದಳು. ಶಿವರಾತ್ರಿಯ ಹೊತ್ತಿಗೆ ಎಂಟಿನ ಎಡಗಡೆ ಚೂರು ಸಪ್ಪಗಾದ ಹಾಗೆ ಕಂಡಿತು. ನನ್ನ ಕಣ್ಣಿನ ಪೊರೆ ಇರಬೇಕು ಅಂದುಕೊಂಡೆ.

ಅದೇ ವಾರ ಪೇಂಟ್ ಅಂಗಡಿಯವನು ನಗುತ್ತಾ ಬಂದ. ಹತ್ತು ವರ್ಷದಲ್ಲಿ ನಮ್ಮ ಕಟ್ಟೆ ಹತ್ತದವನು.

"ಅಮ್ಮಾ, ಗೋಡೆ ಅಸಯ್ಯವಾಗಿ ಕಾಣ್ತಾ ಐತೆ. ಒಂದು ಡಬ್ಬ ಕಳುಸ್ತೀನಿ, ನಮ್ ಆಳೇ ಬಳೀತಾನೆ. ಆ ನಂಬರ್ ಬೇಕಾದ್ರೆ ಮೇಲೆ ಹೊಸದಾಗಿ ಬರೆಸ್ಬುಡಾಣ."

"ಒಡ್ಯೋ ಗೋಡೆಗೆ ಯಾಕಪ್ಪ ಹೊಸ ಬಣ್ಣ? ಹೆಣಕ್ಕೆ ಕ್ಷೌರ ಮಾಡ್ಸಿದ್ರೆ ಭಾರ ಕಮ್ಮಿ ಆಯ್ತದಾ?"

ನಗು ನಿಂತಿತು. ಎದ್ದು ಹೋದ. ಅವನು ಹೋದ ಮೇಲೆ ನಾನು ರಸ್ತೆ ದಾಟಿ ಹೋಗಿ ಮತ್ತೆ ನೋಡಿದೆ. ಪೊರೆಯಲ್ಲ. ಎಡಗಡೆಯ ಎರಡು ಬಾಗು ತೆಳುವಾಗುತ್ತಿದ್ದವು, ಬಲಗಡೆ ಹಾಗೇ ಇತ್ತು.

ಯುಗಾದಿಯ ಹೊತ್ತಿಗೆ ಎಂಟು ಎರಡಾಗಿ ಬೇರೆಯಾಯಿತು. ಬಲಗಡೆ ಇಟ್ಟಿಗೆ ಬಣ್ಣದ ಮೂರು. ಅದರ ಬಾಯಿ ಮುಚ್ಚಿದ್ದ ಎಡಗಡೆಯ ಬಾಗುಗಳು ಬೀದಿಯಲ್ಲಿ ಮಾರುವ ಬೊಂಬಾಯಿ ಮಿಠಾಯಿಯಂಥ ರೋಸು. ಪೇಂಟ್ ಅಂಗಡಿಯ ಗೋಡೆಯಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಮೂರರ ಎಡಗಡೆ, ಹಳದಿಯ ಅಡಿಯಿಂದ ಎರಡು ಕೆಂಪು ಬಾಗು ಇಣುಕತೊಡಗಿದವು. ಅವನು ಹಳದಿ ಬಳಿದ. ಮತ್ತೆ ಇಣುಕಿತು. ಮತ್ತೆ ಬಳಿದ. ಊರಿಗೆಲ್ಲ ಬಣ್ಣ ಮಾರುವವನಿಗೆ ಒಂದು ಹಿಡಿ ಕಾವಿಯನ್ನು ಮುಚ್ಚಲಾಗಲಿಲ್ಲ.

ಯುಗಾದಿ ಕಳೆದ ವಾರ ಒಡೆಯುವ ಮೆಷೀನು ಬಂತು. ಇಂಜಿನಿಯರ್ ಹೊಸ ಹುಡುಗ, ಬಿಳಿ ಶರ್ಟು. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ.

"ಎನ್ನಮ್ಮಾ?" ಎಂದ.

"ಮೊದ್ಲು ರಸ್ತೆ ಆಚೆ ಬಾರಪ್ಪ" ಎಂದು ಕರೆದುಕೊಂಡು ಹೋದೆ. ಮೋರಿಕಲ್ಲಿನ ಹತ್ತಿರ ನಿಲ್ಲಿಸಿ, "ಒಂದು ಕಣ್ಣು ಮುಚ್ಕೊಂಡು ನೋಡು. ಅದು ಎಂಟಾ, ಮೂರಾ?" ಎಂದೆ.

ನೋಡಿದ. ಆಮೇಲೆ ಪಕ್ಕದ ಗೋಡೆ ನೋಡಿದ. "ಇದನ್ನು ಬರೆದದ್ದು ಯಾರು?" ಎಂದು ತಮಿಳಿನಲ್ಲಿ ಕೇಳಿದ.

ಕಳಿಸಿ ಕರೆಸುವ ಕೆಲಸವೇ ಇರಲಿಲ್ಲ. ಬೋರ್ಡಿನವನು ಟೀ ಅಂಗಡಿಯ ಮುಂದೆ ನಿಂತಿದ್ದ. ಬಂದು ಗೋಡೆಯನ್ನು ಮುಟ್ಟಿ ನೋಡಿದ, ಯಾವತ್ತೂ ಕಾಣದವನ ಹಾಗೆ.

"ಕಾವಿ ಬೆರ್ಸಿದ್ದು ನಂದು ಸಾರ್. ಈ ರೋಸು ನಂದಲ್ಲ."

ಪೇಂಟ್ ಅಂಗಡಿಯವನು ಅಲ್ಲೇ ನಿಂತಿದ್ದ. ಬಾಯಿ ತೆರೆದ. ಬೋರ್ಡಿನವನು ಅವನನ್ನೇ ನೋಡಿದ. ಅಂಗಡಿಯವನು ಬಾಯಿ ಮುಚ್ಚಿದ. ಅದನ್ನು ಆ ದಿನ ನನ್ನ ಬಿಟ್ಟು ಬೇರೆ ಯಾರೂ ಗಮನಿಸಲಿಲ್ಲ ಅಂತ ಕಾಣುತ್ತದೆ.

ಇಂಜಿನಿಯರ್ ಟೇಪು ತರಿಸಿ ಮತ್ತೆ ಅಳೆಸಿದ. ನಮಗೆ ಮೂರು, ಅವನಿಗೆ ಎಂಟು. ನಮ್ಮ ಕಟ್ಟೆ ಹೋಯಿತು. ಅವನ ಗಾಜಿನ ಶೋಕೇಸು, ಬಣ್ಣ ಕಲಸುವ ಮೆಷೀನಿನ ಜಾಗ ಎಲ್ಲ ಹೋಯಿತು. ಸಂಜೆ ನಾನು ಮಿಷನ್ ಹಾಕಿದಾಗ ಬೋರ್ಡಿನವನು ಹೋಗಿ ಆಗಿತ್ತು.

ಪೇಂಟ್ ಅಂಗಡಿಯವನು ಬೋರ್ಡಿನವನು ಬರೆದಿದ್ದ ತನ್ನ ದೊಡ್ಡ ಬೋರ್ಡನ್ನು ಕೀಳಿಸಿ ಫ್ಲೆಕ್ಸ್ ಹಾಕಿಸಿದ. ಅವನಿಗೆ ಬಣ್ಣ ಕೊಡುವುದನ್ನು ನಿಲ್ಲಿಸಿದ, ಗಿರಾಕಿ ಕಳಿಸುವುದನ್ನೂ. ಹೇಗೂ ಫ್ಲೆಕ್ಸ್ ಕಾಲ ಬಂದಿತ್ತು. ಒಂದೊಂದಾಗಿ ಎಲ್ಲ ಅಂಗಡಿಯೂ ಫ್ಲೆಕ್ಸಾಯಿತು. ಈಗ ಔಷಧಿ ಅಂಗಡಿಯೂ ಬೇಕರಿಯೂ ಒಂದೇ ಥರ ಹೊಳೆಯುತ್ತವೆ, ಅಕ್ಷರವೆಲ್ಲ ಒಂದೇ ಅಚ್ಚು. ಹೋದ ವರ್ಷ ಗುಳಿಗೆ ತರಲು ಹೋಗಿ ಮೊಬೈಲ್ ಅಂಗಡಿಗೆ ನುಗ್ಗಿದೆ.

ಕೆಲಸ ಕಮ್ಮಿಯಾದ ಮೇಲೆ ಅವನು ಒಂದು ದಿನ ಅರ್ಧ ಚೀಲ ರಾಗಿ ಹಿಡಿದುಕೊಂಡು ಬಂದ. ಪ್ಯಾಂಟಿನ ಎಡತೊಡೆ ಚೊಕ್ಕಟವಾಗಿತ್ತು. ಯಾರೂ ಇರಲಿಲ್ಲ. ರಾಗಿ ಸುರಿದು ಮಿಷನ್ ಹಾಕುವ ಮುಂಚೆ ಹೇಳಿದೆ.

"ಆ ಎಂಟಿನ ಎಡಗಡೆ ಗೆರೆ ತುದೀಲೂ ನಿನ್ ಇಲಿಬಾಲ ಇತ್ತು."

ಅವನು ಹಿಟ್ಟು ಬೀಳುವ ಬಾಯಿಯನ್ನೇ ನೋಡುತ್ತಾ ನಿಂತ. "ಓದಾಕೆ ಬರಲ್ಲ ಅಂತಿದ್ದೆ ನೀನು" ಎಂದ.

ಅಷ್ಟೇ. ಮಿಷನ್ ಹಾಕಿದೆ. ಹಿಟ್ಟು ಕೊಟ್ಟೆ, ಕೂಲಿ ತೆಗೆದುಕೊಂಡೆ.

ಮೂರನ್ನು ಎಂಟು ಮಾಡಿದವನು ಅವನೇ. ಪಕ್ಕದ ಎಂಟನ್ನು ಹಳದಿ ಬಳಿದು ಮೂರು ಮಾಡಿದವನೂ ಅವನೇ. ಬಣ್ಣ ಕೊಟ್ಟು ಸಾಕುವವನು ಮಾಡು ಅಂದ. ಆಗಲ್ಲ ಅನ್ನುವ ಧೈರ್ಯ ಬರಲಿಲ್ಲ, ಮಾಡಿದ. ಮಾಡುವಾಗ ನಮ್ಮ ಗೋಡೆಗೆ ನಿಲ್ಲದ ಕೆಂಪು ಹಚ್ಚಿದ, ಆ ಗೋಡೆಯ ಕಾವಿಯನ್ನು ಕೆರೆಯದೆ ಮೇಲೆ ಮಾತ್ರ ಬಳಿದ. ಎರಡೂ ತಾವಾಗಿಯೇ ಬಾಯಿ ಬಿಡಲಿ ಎಂದು. ಎಷ್ಟು ದಿನ ಹಿಡಿಯುತ್ತದೆ ಎಂದು ಅವನಿಗೆ ಗೊತ್ತಿತ್ತು, ಅದಕ್ಕೇ ಯುಗಾದಿ ಅಂದ. ಆಮೇಲೆ ಇಂಜಿನಿಯರ್ ಮುಂದೆ ರೋಸು ನಂದಲ್ಲ ಎಂದು ಸುಳ್ಳು ಹೇಳಿದ. ಪೇಂಟ್ ಅಂಗಡಿಯವನು ಅದು ಸುಳ್ಳು ಅನ್ನುವ ಹಾಗಿರಲಿಲ್ಲ. ಅಂದರೆ ಬರೆಸಿದವನು ಯಾರು ಎಂದು ಹೇಳಬೇಕಾಗುತ್ತಿತ್ತು.

ಸೊಸೆಗೆ ಇದನ್ನು ಹೇಳಿದರೆ, "ಪಾಪ, ಎಂಥಾ ಒಳ್ಳೇವ್ನು ಅತ್ತೆ" ಎಂದಳು. ನಾನು ಹಾಗೆ ಅನ್ನಲಾರೆ. ಆ ವರ್ಷ ಮೋಡ ಕವಿದಿದ್ದರೆ? ನಾನು ಸಿಟ್ಟಿನಲ್ಲಿ ಸುಣ್ಣ ಬಳಿದಿದ್ದರೆ? ಒಡೆಯುವವರು ಶಿವರಾತ್ರಿಗೇ ಬಂದಿದ್ದರೆ? ನನ್ನ ಮಿಷನ್ನನ್ನು ನನ್ನನ್ನು ಕೇಳದೆ ಬಿಸಿಲಿನ ಮೇಲೆ ಪಣ ಇಟ್ಟ. ಗೆದ್ದ ಅಷ್ಟೇ. ಕೆಟ್ಟವನು ಅನ್ನಲೂ ಬಾಯಿ ಬರುವುದಿಲ್ಲ. ಪಣದಲ್ಲಿ ತನ್ನ ಅನ್ನವನ್ನೂ ಇಟ್ಟಿದ್ದ, ಅದನ್ನು ಸೋತ.

ರೋಸು ಎರಡೇ ಮಳೆಗಾಲಕ್ಕೆ ಪೂರ್ತಿ ತೊಳೆದುಹೋಯಿತು. ಮೂರು ಹಾಗೇ ಇದೆ, ಇಟ್ಟಿಗೆ ಬಣ್ಣದಲ್ಲಿ, ಬಾಲ ಸಮೇತ. ಹೊಸಬರು ಅದನ್ನು ಮನೆ ನಂಬರ್ ಎಂದು ತಿಳಿಯುತ್ತಾರೆ. ಎರಡನೇ ನಂಬರಿನ ಮನೆ ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

ಅವನ ಮಣ್ಣಾದ ಮಾರನೆಯ ದಿನ ಬೆಳಿಗ್ಗೆ ಕರೆಂಟ್ ಇರಲಿಲ್ಲ. ಮಿಷನ್ ನಿಂತಿತ್ತು, ಹಿಟ್ಟಿನ ವಾಸನೆಯೂ ಇಲ್ಲ. ನಾನು ಬಾಗಿಲಲ್ಲಿ ಕೂತಿದ್ದೆ. ಫ್ಯಾಕ್ಟರಿ ಕೆಲಸಕ್ಕೆ ರಾಯಚೂರಿನ ಕಡೆಯಿಂದ ಬಂದವರ ಮನೆಯ ಹೆಣ್ಣುಮಗಳು, ತಲೆಯ ಮೇಲೆ ಜೋಳದ ಗಂಟು ಇಟ್ಟುಕೊಂಡು ನೆಟ್ಟಗೆ ನಮ್ಮ ಮನೆಗೇ ಬಂದಳು.

"ಮಿಷನ್ ಅಂತ ಹೆಂಗ್ ತಿಳೀತಮ್ಮ?" ಎಂದೆ.

"ಕೆಂಪು ಮೂರು ಇರೋ ಗ್ವಾಡಿ ಅಂತ ಹೇಳ್ಯಾರ್ರೀ. ಮೂರನೇ ನಂಬರ್ ಮಿಷನ್ ಅಂತ. ಇದೇ ಹೌದಲ್ರಿ?"

ಹೌದು ಎಂದೆ. ಕರೆಂಟ್ ಬರುವವರೆಗೆ ಕೂರಲು ಹೇಳಿದೆ. ಇಪ್ಪತ್ತು ವರ್ಷ ಬೇಡ ಬೇಡ ಎಂದು ಓಡಿಸಿದ್ದೆ. ಕೊನೆಗೂ ನನ್ನ ಮಿಷನ್‌ಗೆ ಬೋರ್ಡು ಬರೆದೇಬಿಟ್ಟಿದ್ದಾನೆ, ಕಳ್ಳ.